ಕಾಲೇಜು ಹೆಜ್ಜೆಗೊಂದು, ರಾತ್ರಿ ವಾರ್ಡಿಗೆ ಸಿಸ್ಟರ್ ಒಬ್ಬರೇ

ಬೆಳಗಾವಿ ದವಾಖಾನೆಗಳ ಊರು. ಖಾನಾಪುರ, ಬೈಲಹೊಂಗಲ, ಗೋಕಾಕ, ಸವದತ್ತಿ ಕಡೆಯಿಂದ ಬೆಳಿಗ್ಗೆ ಬರುವ ಯಾವ ಬಸ್ಸಿನಲ್ಲಿ ನೋಡಿದರೂ ಎಕ್ಸ್‌ರೇ ಕವರ್ ಹಿಡಿದುಕೊಂಡವರು ನಾಲ್ಕು ಮಂದಿ ಇದ್ದೇ ಇರುತ್ತಾರೆ. ಅಥಣಿ, ರಾಯಬಾಗ ಕಡೆಯವರು ಮಿರಜಿನ ಗಾಡಿ ಹತ್ತುವುದು ಹಳೆಯ ರೂಢಿ. ಆದರೂ ದೊಡ್ಡ ಭಾರ ಬೀಳುವುದು ಬೆಳಗಾವಿ ಮೇಲೆಯೇ. 2011ರ ಜನಗಣತಿಯಲ್ಲೇ ಜಿಲ್ಲೆಯ ಜನಸಂಖ್ಯೆ 47 ಲಕ್ಷ ದಾಟಿತ್ತು. ಬೆಂಗಳೂರು ನಗರ ಜಿಲ್ಲೆ ಬಿಟ್ಟರೆ ರಾಜ್ಯದಲ್ಲಿ ಇದೇ ಎರಡನೆಯದು.

ಆಸ್ಪತ್ರೆಗಳು ಬೆಳೆದಂತೆ ನರ್ಸಿಂಗ್ ಕಾಲೇಜುಗಳೂ ಬೆಳೆದವು. ಇಲ್ಲಿ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು ಶುರುವಾಗಿದ್ದು 1963ರಲ್ಲಿ. ಆಮೇಲೆ ಸರ್ಕಾರದ ಮೆಡಿಕಲ್ ಕಾಲೇಜು ಬಿಮ್ಸ್ ಬಂತು. ಅತ್ತ ಬಾಗಲಕೋಟೆ, ವಿಜಯಪುರದಲ್ಲೂ ಮೆಡಿಕಲ್ ಕಾಲೇಜುಗಳಾದವು. ಅವುಗಳ ಜೊತೆಗೆ ಕೆಲವು, ಅವುಗಳ ಸಂಬಂಧವೇ ಇಲ್ಲದೆ ಇನ್ನೂ ಹಲವು ನರ್ಸಿಂಗ್ ಕಾಲೇಜುಗಳ ಬೋರ್ಡು ಎದ್ದವು. ದೇಶದಲ್ಲಿ ನರ್ಸಿಂಗ್ ಕಾಲೇಜು ಜಾಸ್ತಿ ಇರುವ ರಾಜ್ಯಗಳ ಸಾಲಿನಲ್ಲಿ ಕರ್ನಾಟಕ ಮುಂದಿದೆ. ಕೇರಳದ ಹುಡುಗ ಹುಡುಗಿಯರು ಇಲ್ಲಿಗೆ ಬಂದು ಓದುತ್ತಾರೆ.

ಅಂದಮೇಲೆ ಈ ಭಾಗದಲ್ಲಿ ನರ್ಸುಗಳಿಗೆ ಬರ ಇರಬಾರದು, ಅಲ್ವಾ? ಆದರೆ ರಾತ್ರಿ ಯಾರಾದರೂ ನೆಂಟರ ಹತ್ತಿರ ವಾರ್ಡಿನಲ್ಲಿ ಮಲಗಿದವರನ್ನು ಕೇಳಿ. ಇಡೀ ವಾರ್ಡಿಗೆ ಒಬ್ಬರೇ ಸಿಸ್ಟರ್ ಇದ್ದರು ಅಂತಾರೆ. ಆ ಸಿಸ್ಟರ್ ಸಿಡಿಮಿಡಿ ಮಾಡುತ್ತಿದ್ದರು ಅಂತಲೂ ಸೇರಿಸುತ್ತಾರೆ.

ಜಗತ್ತಿನಲ್ಲೇ ನರ್ಸುಗಳು ಸಾಲುತ್ತಿಲ್ಲ ಅನ್ನುವುದು ನಿಜ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯ ಪ್ರಕಾರ 58 ಲಕ್ಷ ನರ್ಸುಗಳ ಕೊರತೆ ಇದೆ. ಭಾರತದಲ್ಲಿ ಸಾವಿರ ಜನರಿಗೆ ಸುಮಾರು ಇಬ್ಬರು ನರ್ಸುಗಳು, ಬೇಕಾದದ್ದು ಮೂವರು. ಆದರೆ ಈ ದೊಡ್ಡ ಲೆಕ್ಕ ನಮ್ಮ ಊರಿನ ಕಥೆಯನ್ನು ಪೂರ್ತಿ ಹೇಳುವುದಿಲ್ಲ. ಇಲ್ಲಿ ಪಾಸಾಗಿ ಕೆಲಸ ಹುಡುಕುವ ನರ್ಸುಗಳೂ ಇದ್ದಾರೆ, ನರ್ಸುಗಳಿಲ್ಲದ ವಾರ್ಡುಗಳೂ ಇವೆ. ಎರಡೂ ಒಂದೇ ಊರಲ್ಲಿ, ಒಂದೇ ರಸ್ತೆಯಲ್ಲಿ. ಹಾಗಾಗಿ ನಾವು ನರ್ಸುಗಳ ಕೊರತೆ ಅನ್ನುವುದು ಬಹಳ ಮಟ್ಟಿಗೆ ಹುದ್ದೆಗಳ ಕೊರತೆ. ಅವರ ಕೆಲಸದ ಬೇಸರಕ್ಕೆ ಎಲ್ಲರೂ ಮೊದಲು ಪಗಾರವನ್ನು ತೋರಿಸುತ್ತಾರೆ. ಪಗಾರ ಕಡಿಮೆ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಬೇಸರದ ಬೇರು ಇರುವುದು ಡ್ಯೂಟಿ ಲಿಸ್ಟಿನಲ್ಲಿ ಅನ್ನುವುದು ನನ್ನ ವಾದ.

ಡ್ಯೂಟಿ ಲಿಸ್ಟಿನ ಲೆಕ್ಕ

ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಹಳೆಯ ಮಾನದಂಡ ಒಂದಿದೆ. ಮೆಡಿಕಲ್ ಕಾಲೇಜಿನ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ಹಾಸಿಗೆಗೆ ಒಬ್ಬ ನರ್ಸ್ ಇರಬೇಕು. ಇದನ್ನು ಕೇಳಿದ ಕೂಡಲೇ ಒಬ್ಬ ಸಿಸ್ಟರ್ ಮೂರು ರೋಗಿಗಳ ಪಕ್ಕದಲ್ಲೇ ನಿಂತಿರುತ್ತಾರೆ ಅನ್ನಿಸುತ್ತದೆ. ಹಾಗಲ್ಲ. ಅದು ಮೂರೂ ಪಾಳಿ ಸೇರಿಸಿದ ಲೆಕ್ಕ. ಒಂದು ಪಾಳಿಗೆ ಬಂದರೆ ಒಂಬತ್ತು ರೋಗಿಗೆ ಒಬ್ಬರು. ಅದರ ಮೇಲೆ ರಜೆಗಾಗಿ ಶೇ. 30ರಷ್ಟು ಹೆಚ್ಚುವರಿ ನರ್ಸುಗಳು ಇರಬೇಕು. ಐಸಿಯುಗೆ ಬೇರೆ ಲೆಕ್ಕ, ಅಲ್ಲಿ ಹಾಸಿಗೆಗೊಬ್ಬರು.

ಈಗ 30 ಹಾಸಿಗೆಯ ಒಂದು ವಾರ್ಡ್ ತೆಗೆದುಕೊಳ್ಳೋಣ. ಮಾನದಂಡದ ಪ್ರಕಾರ 10 ನರ್ಸುಗಳು ಬೇಕು, ಹೆಚ್ಚುವರಿ 3 ಸೇರಿ 13. ಒಂದೊಂದು ಪಾಳಿಗೆ ಮೂವರಂತೆ ದಿನಕ್ಕೆ 9 ಡ್ಯೂಟಿ, ವಾರಕ್ಕೆ 63. ವಾರಕ್ಕೊಂದು ರಜೆ ಕೊಟ್ಟರೆ ಒಬ್ಬರು ಮಾಡುವುದು 6 ಡ್ಯೂಟಿ. ಹತ್ತು ಜನ ಸೇರಿ 60. ನೋಡಿ, ಯಾರೂ ಹುಷಾರು ತಪ್ಪದೆ, ಯಾರ ಮನೆಯಲ್ಲೂ ಮದುವೆ ಇಲ್ಲದೆ, ಯಾರೂ ಬಸುರಿಯಾಗದೆ ಇದ್ದರೂ ಮೂರು ಡ್ಯೂಟಿ ಕಡಿಮೆ ಬಿತ್ತು. ನಮ್ಮ ಕಡೆ ಎಷ್ಟೋ ಆಸ್ಪತ್ರೆಗಳಲ್ಲಿ ಪಾಳಿ ಬೆಳಿಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 8, ರಾತ್ರಿ 8ರಿಂದ ಬೆಳಿಗ್ಗೆ 8. ಅಂದರೆ ನೈಟ್ ಡ್ಯೂಟಿ 12 ತಾಸು. ಅದನ್ನು ಮುಗಿಸಿದವರಿಗೆ ನೈಟ್ ಆಫ್, ಅಂದರೆ ವಿಶ್ರಾಂತಿಯ ಬಿಡುವು ಕೊಡಬೇಕು. ಅದಕ್ಕೆಲ್ಲ ಬೇಕಾದದ್ದೇ ಆ ಹೆಚ್ಚುವರಿ ಮೂವರು.

ಈಗ ಅದೇ ವಾರ್ಡಿನಲ್ಲಿ 6 ನರ್ಸುಗಳು ಇದ್ದಾರೆ ಅಂದುಕೊಳ್ಳಿ. ಹುದ್ದೆ ಖಾಲಿ ಇರಬಹುದು, ಇಲ್ಲವೇ ಮ್ಯಾನೇಜ್‌ಮೆಂಟ್ ತೆಗೆದುಕೊಂಡಿದ್ದೇ ಅಷ್ಟು ಜನರನ್ನು ಇರಬಹುದು. ವಾರಕ್ಕೆ 36 ಡ್ಯೂಟಿ ಸಿಗುತ್ತದೆ. ಬೆಳಿಗ್ಗೆ ಡಾಕ್ಟರ್ ರೌಂಡ್ಸ್ ಇರುವುದರಿಂದ ಇಬ್ಬರನ್ನು ಹಾಕಬೇಕು. ಮಧ್ಯಾಹ್ನಕ್ಕೆ ಒಬ್ಬರು, ರಾತ್ರಿಗೆ ಒಬ್ಬರು. ಅಲ್ಲಿಗೆ 28 ಹೋಯಿತು. ಉಳಿದ 8ರಲ್ಲಿ ನೈಟ್ ಆಫ್, ರಜೆ, ಕಾಯಿಲೆ, ತರಬೇತಿ, ಬೇರೆ ವಾರ್ಡಿಗೆ ಕಳಿಸುವುದು, ಎಲ್ಲ ಆಗಬೇಕು. ಇನ್‌ಚಾರ್ಜ್ ಸಿಸ್ಟರ್ ಎಷ್ಟೇ ಜಾಣೆಯಾದರೂ ಈ ಲೆಕ್ಕದಲ್ಲಿ ರಾತ್ರಿ ಇಬ್ಬರನ್ನು ಹಾಕಲು ಬರುವುದಿಲ್ಲ. ಇದರಲ್ಲಿ ಒಬ್ಬರು ಹೆರಿಗೆ ರಜೆ ಮೇಲೆ ಹೋದರೆ ಉಳಿದ ಐವರಿಗೆ ಆರು ತಿಂಗಳು ಡಬಲ್ ಡ್ಯೂಟಿ ತಪ್ಪಿದ್ದಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ರಜೆ ಅನ್ನುವುದು ಕಾನೂನಿನ ಪ್ರಕಾರ ಹಕ್ಕು. ವಾರ್ಡಿನಲ್ಲಿ ಮಾತ್ರ ಅದು ಗೆಳತಿಯಿಂದ ಪಡೆಯುವ ಸಾಲ. ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ಎರಡು ಪಾಳಿ ಮಾಡಬೇಕು. ಹೀಗಾಗಿ ಸಿಟ್ಟು ಮ್ಯಾನೇಜ್‌ಮೆಂಟಿನ ಕಡೆ ಹೋಗುವುದಿಲ್ಲ, ರಜೆ ಕೇಳಿದವಳ ಕಡೆ ತಿರುಗುತ್ತದೆ. 'ಹಬ್ಬಕ್ಕೂ ಆಕೀನ, ಜಾತ್ರಿಗೂ ಆಕೀನ' ಅಂತ ಮಾತು ಬರುತ್ತದೆ. 2025ರಲ್ಲಿ ರಾಜ್ಯ ಸರ್ಕಾರ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಪಗಾರ ಸಹಿತ ಮುಟ್ಟಿನ ರಜೆ ಘೋಷಿಸಿತು. ಒಳ್ಳೆಯ ನಿರ್ಧಾರ. ಆದರೆ ಆರು ಜನ ಹೆಣ್ಣುಮಕ್ಕಳೇ ನಡೆಸುವ ವಾರ್ಡಿನಲ್ಲಿ ಅದು ವರ್ಷಕ್ಕೆ 72 ಡ್ಯೂಟಿ. ಅಷ್ಟನ್ನು ತುಂಬಲು ಯಾರನ್ನೂ ಹೊಸದಾಗಿ ತೆಗೆದುಕೊಳ್ಳದಿದ್ದರೆ ಆ ರಜೆ ಕಾಗದದ ಮೇಲೆಯೇ ಉಳಿಯುತ್ತದೆ, ಇಲ್ಲವೇ ಜಗಳಕ್ಕೆ ಕಾರಣವಾಗುತ್ತದೆ.

ರಾತ್ರಿ ಒಬ್ಬರೇ ಇದ್ದರೆ ಏನಾಗುತ್ತದೆ

ಕೆಲಸ ಜಾಸ್ತಿ ಅಂದರೆ ಸುಸ್ತಾಗುತ್ತದೆ, ಅಷ್ಟೇ ಅಂತ ಹೊರಗಿನವರು ತಿಳಿಯುತ್ತಾರೆ. ಸುಸ್ತು ಸಣ್ಣ ಭಾಗ.

ಮೂವತ್ತು ರೋಗಿಗಳ ಬಿಪಿ, ನಾಡಿ, ಜ್ವರ ನೋಡಿ ಕೇಸ್ ಶೀಟಿನಲ್ಲಿ ಬರೆಯಬೇಕು. ಒಬ್ಬರಿಗೆ ಮೂರು ನಿಮಿಷ ಹಿಡಿದರೂ ಒಂದೂವರೆ ತಾಸು. ರಾತ್ರಿ 10 ಗಂಟೆಗೆ ಹದಿನೈದು ಮಂದಿಗೆ ಆಂಟಿಬಯಾಟಿಕ್ ಇಂಜೆಕ್ಷನ್ ಇದೆ ಅಂದುಕೊಳ್ಳಿ. ಹೆಸರು ನೋಡಬೇಕು, ಔಷಧಿ ಕಲಸಬೇಕು, ನಿಧಾನಕ್ಕೆ ಕೊಡಬೇಕು, ಬರೆಯಬೇಕು. ಒಬ್ಬರಿಗೆ ಐದು ನಿಮಿಷದ ಲೆಕ್ಕದಲ್ಲಿ ಕೊನೆಯವರ ಹಾಸಿಗೆ ಹತ್ತಿರ ಹೋಗುವಾಗ 11 ದಾಟಿರುತ್ತದೆ. ಚಾರ್ಟಿನಲ್ಲಿ ಮಾತ್ರ ಎಲ್ಲರ ಹೆಸರಿನ ಮುಂದೆ 10 ಅಂತ ಬರೆಯುವ ಅಭ್ಯಾಸ ಎಷ್ಟೋ ಕಡೆ ಇದೆ. ಹೀಗೆ ಬರೆಯಬಾರದು ಅಂತ ನಾಲ್ಕು ವರ್ಷ ಬಿ.ಎಸ್ಸಿ. ನರ್ಸಿಂಗ್ ಓದಿದವರಿಗೆ ಗೊತ್ತಿಲ್ಲವೇ? ಗೊತ್ತಿದೆ. ಗೊತ್ತಿದ್ದೂ ಬರೆಯಬೇಕಾಗುತ್ತದಲ್ಲ, ಅದು ಚುಚ್ಚುತ್ತದೆ.

ಇದರ ಮಧ್ಯೆ ಸಲಾಯಿನ್. ಅರ್ಧ ಲೀಟರ್ ಬಾಟಲಿ ನಾಲ್ಕು ತಾಸಿನಲ್ಲಿ ಹೋಗಬೇಕು ಅಂದರೆ, ಒಂದು ಎಂ.ಎಲ್.ಗೆ 20 ಹನಿ ಬೀಳುವ ಸೆಟ್‌ನಲ್ಲಿ ನಿಮಿಷಕ್ಕೆ ಸುಮಾರು 42 ಹನಿ ಇಡಬೇಕು. ಗಡಿಯಾರ ನೋಡುತ್ತ ಎಣಿಸಿ ಇಡುವ ಕೆಲಸ ಅದು. ಹೃದಯ ಅಥವಾ ಕಿಡ್ನಿ ಸರಿ ಇಲ್ಲದವರಿಗೆ ಜಾಸ್ತಿ ಹೋದರೆ ಉಸಿರಾಟವೇ ಕಷ್ಟವಾಗುತ್ತದೆ. ಸಿಸ್ಟರ್ ಎಣಿಸಿ ಇಟ್ಟು ಆ ಕಡೆ ಹೋಗುತ್ತಾರೆ. ರೋಗಿ ಕೈ ಮಡಚಿದರೆ ಹನಿ ನಿಲ್ಲುತ್ತದೆ. ಪಕ್ಕದಲ್ಲಿದ್ದವರು ಬೇಗ ಮುಗಿಯಲಿ ಅಂತ ಚಕ್ರ ತಿರುಗಿಸುವುದೂ ಉಂಟು. ಆಮೇಲೆ ಕೂಗು: 'ಸಿಸ್ಟರ್, ಸಲಾಯಿನ್ ಮುಗದೈತ್ರೀ!' ಆ ಹೊತ್ತಿಗೆ ಇನ್ನೊಂದು ಮೂಲೆಯಲ್ಲಿ ಒಬ್ಬ ಅಜ್ಜನಿಗೆ ಕಫ ತೆಗೆಯಲು ಸಕ್ಷನ್ ಹಾಕುತ್ತಿರುತ್ತಾರೆ. ಬಾಗಿಲಲ್ಲಿ ಹೊಸ ಅಡ್ಮಿಷನ್ ನಿಂತಿರುತ್ತದೆ.

ಇಷ್ಟರಲ್ಲಿ ಯಾವ ಕೆಲಸ ಬಿಟ್ಟುಹೋಗುತ್ತದೆ? ಡಾಕ್ಟರ್ ಬರೆದ ಔಷಧಿ ಬಿಡುವ ಹಾಗಿಲ್ಲ, ಅದಕ್ಕೆ ಲೆಕ್ಕ ಇದೆ. ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು ಬಿಟ್ಟುಹೋಗುತ್ತದೆ. ಬಾಯಿ ಸ್ವಚ್ಛ ಮಾಡುವುದು, ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ತೆಗೆದುಕೊಳ್ಳುವುದನ್ನು ಕೂರಿಸಿ ಹೇಳಿಕೊಡುವುದು, ನಾಳೆ ಆಪರೇಷನ್ ಅಂತ ಹೆದರಿದವರ ಹತ್ತಿರ ಎರಡು ಮಾತಾಡುವುದು ಬಿಟ್ಟುಹೋಗುತ್ತದೆ. ಅಂದರೆ ನರ್ಸಿಂಗ್ ಅಂತ ಯಾವುದನ್ನು ಕಲಿತರೋ ಅದೇ ಮೊದಲು ಹೋಗುತ್ತದೆ. ಉಳಿಯುವುದು ಔಷಧಿ ಹಂಚುವುದು ಮತ್ತು ಬರೆಯುವುದು. ಬರೆಯುವುದಂತೂ ವರ್ಷ ವರ್ಷ ಜಾಸ್ತಿಯಾಗುತ್ತಿದೆ. ಔಷಧಿ, ಸಾಮಾನು ತರಿಸುವ ಇಂಡೆಂಟ್, ಇನ್ಶೂರೆನ್ಸ್ ಕಾಗದ, ಆರೋಗ್ಯ ಯೋಜನೆಯ ದಾಖಲೆ, ಗುಣಮಟ್ಟದ ತಪಾಸಣೆಗೆ ರಿಜಿಸ್ಟರ್.

ಬೆಳಗಾವಿಯಲ್ಲಿ ಇದಕ್ಕೆ ಭಾಷೆಯ ಕೆಲಸವೂ ಸೇರುತ್ತದೆ. ಒಂದು ಹಾಸಿಗೆಯಲ್ಲಿ ಕನ್ನಡ, ಪಕ್ಕದಲ್ಲಿ ಮರಾಠಿ, ಅದರಾಚೆ ಉರ್ದು. ನೋವು ಎಲ್ಲಿ, ಎಂಥದ್ದು ಅನ್ನುವುದನ್ನು ರೋಗಿಯ ಮಾತಿನಲ್ಲೇ ಕೇಳಿ ಡಾಕ್ಟರಿಗೆ ಮುಟ್ಟಿಸುವುದು ಬಹಳ ಸಲ ಸಿಸ್ಟರೇ. ಕೊಟ್ಟಾಯಂ ಕಡೆಯಿಂದ ಬಂದ ಹುಡುಗಿ ವರ್ಷದೊಳಗೆ ಇಲ್ಲಿನ ಕನ್ನಡವನ್ನೂ ಅರ್ಧ ಮರಾಠಿಯನ್ನೂ ಕಲಿತಿರುತ್ತಾಳೆ. ಈ ಕೆಲಸಕ್ಕೆ ಯಾವ ರಿಜಿಸ್ಟರಿನಲ್ಲೂ ಕಾಲಂ ಇಲ್ಲ.

ಇದರ ಪರಿಣಾಮವನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳ ಬಗ್ಗೆ ಲಿಂಡಾ ಐಕೆನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಬಹಳ ಹೆಸರಾದದ್ದು. ಆಪರೇಷನ್ ಆದ ರೋಗಿಗಳ ವಾರ್ಡಿನಲ್ಲಿ ಒಬ್ಬ ನರ್ಸಿಗೆ ಒಬ್ಬ ರೋಗಿ ಜಾಸ್ತಿಯಾದಂತೆ, 30 ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು ಏರುತ್ತಿತ್ತು. ನರ್ಸು ಪೂರ್ತಿ ಬಸವಳಿಯುವ ಸಂಭವ ಶೇ. 23, ಕೆಲಸದ ಬಗ್ಗೆ ಅತೃಪ್ತಿ ಶೇ. 15 ಏರುತ್ತಿತ್ತು. ಅಂದರೆ ರೋಗಿಯ ಜೀವ ಮತ್ತು ನರ್ಸಿನ ಸಮಾಧಾನ ಎರಡೂ ಒಂದೇ ಅಂಕಿಗೆ ಕಟ್ಟಿಕೊಂಡಿವೆ. ಅವರು ಹೋಲಿಸಿದ್ದು ಒಬ್ಬರಿಗೆ 4 ರೋಗಿ ಮತ್ತು 8 ರೋಗಿ ಇರುವ ಕಡೆಗಳನ್ನು. ಎಂಟು ಅಂದರೆ ಅವರಿಗೆ ಕೆಟ್ಟ ಪರಿಸ್ಥಿತಿ. ನಮಗೆ ಒಂಬತ್ತು ಅನ್ನುವುದು ಇನ್ನೂ ಮುಟ್ಟಬೇಕಾದ ಗುರಿ.

ಕ್ಯಾಲಿಫೋರ್ನಿಯಾ ರಾಜ್ಯ 1999ರಲ್ಲಿ ಇದಕ್ಕಾಗಿ ಕಾನೂನನ್ನೇ ಮಾಡಿತು. 2004ರಿಂದ ಜಾರಿಯಾಯಿತು. ಅಲ್ಲಿ ಸಾಮಾನ್ಯ ವಾರ್ಡಿನಲ್ಲಿ ಯಾವ ಹೊತ್ತಿನಲ್ಲೂ ಒಬ್ಬ ನರ್ಸಿಗೆ ಐದಕ್ಕಿಂತ ಜಾಸ್ತಿ ರೋಗಿ ಇರುವಂತಿಲ್ಲ. ನಮ್ಮಲ್ಲಿ ಮಾನದಂಡ ಇರುವುದು ಕಾಲೇಜಿಗೆ ಮಾನ್ಯತೆ ಕೊಡುವಾಗ, ತಪಾಸಣೆ ಆಗುವಾಗ ನೋಡಲು. ರಾತ್ರಿ ಎರಡು ಗಂಟೆಗೆ ಅದನ್ನು ಯಾರೂ ನೋಡುವುದಿಲ್ಲ.

ಪಗಾರದ ಮಾತು

ಇನ್ನು ಪಗಾರ. 2016ರ ಜನವರಿ 29ರಂದು ಸುಪ್ರೀಂ ಕೋರ್ಟ್, ಖಾಸಗಿ ಆಸ್ಪತ್ರೆ ನರ್ಸುಗಳ ಪಗಾರ ಮತ್ತು ಕೆಲಸದ ಸ್ಥಿತಿ ನೋಡಲು ಸಮಿತಿ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. ಭಾರತೀಯ ತರಬೇತಿ ಪಡೆದ ನರ್ಸುಗಳ ಸಂಘ ಹಾಕಿದ್ದ ಕೇಸು ಅದು. ಸಮಿತಿ ಸ್ಪಷ್ಟವಾಗಿ ಹೇಳಿತು. 200ಕ್ಕಿಂತ ಜಾಸ್ತಿ ಹಾಸಿಗೆ ಇರುವ ಆಸ್ಪತ್ರೆಗಳು ರಾಜ್ಯ ಸರ್ಕಾರಿ ನರ್ಸುಗಳಿಗೆ ಸಮನಾಗಿ ಪಗಾರ ಕೊಡಬೇಕು. 100ರಿಂದ 200 ಹಾಸಿಗೆ ಇದ್ದರೆ ಅದಕ್ಕಿಂತ ಶೇ. 10ಕ್ಕಿಂತ ಜಾಸ್ತಿ ಕಡಿತವಾಗಬಾರದು, 50ರಿಂದ 100 ಇದ್ದರೆ ಶೇ. 25ಕ್ಕಿಂತ ಜಾಸ್ತಿ ಕಡಿತವಾಗಬಾರದು. 50ಕ್ಕಿಂತ ಸಣ್ಣ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕೆಳಗೆ ಹೋಗಬಾರದು. ರಜೆ, ಕೆಲಸದ ತಾಸು, ಸಾರಿಗೆ ಎಲ್ಲ ಸರ್ಕಾರಿ ನರ್ಸುಗಳಂತೆಯೇ.

ಆದರೆ ಇದು ಶಿಫಾರಸು. ಜಾರಿ ಮಾಡುವ ಕೆಲಸ ರಾಜ್ಯಗಳ ಪಾಲಿಗೆ ಬಿತ್ತು. ನಮ್ಮ ತಾಲೂಕು ಊರುಗಳ ನರ್ಸಿಂಗ್ ಹೋಮುಗಳಲ್ಲಿ ಕೆಲಸಕ್ಕೆ ಸೇರುವವರನ್ನು ಕೇಳಿದರೆ 2016ರ ಆ 20,000 ಇಂದಿಗೂ ದೂರದ ಮಾತು ಅನ್ನುವವರೇ ಜಾಸ್ತಿ. ಈಗ ಅದರ ಬೆಲೆಯೂ ಅಂದಿನಷ್ಟಿಲ್ಲ.

ಸರ್ಕಾರಿ ಆಸ್ಪತ್ರೆ ಚೆನ್ನಾಗಿದೆ ಅಂತೀರಾ? ಖಾಯಂ ಆದವರಿಗೆ ಹೌದು. ರಾಜ್ಯದ ಏಳನೇ ವೇತನ ಆಯೋಗದ ಪಗಾರ 2024ರ ಆಗಸ್ಟ್ 1ರಿಂದ ಅವರಿಗೆ ಬಂದಿದೆ. ಆದರೆ ಅದೇ ವಾರ್ಡಿನಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನರ್ಸ್ ಇದ್ದಾರೆ, ಏಜೆನ್ಸಿ ಮೂಲಕ ಬಂದ ಹೊರಗುತ್ತಿಗೆಯವರೂ ಇದ್ದಾರೆ. ಹಾಕುವ ಇಂಜೆಕ್ಷನ್ ಒಂದೇ, ತಪ್ಪಾದರೆ ಬರುವ ನೋಟಿಸ್ ಒಂದೇ, ಪಗಾರ ಮಾತ್ರ ಮೂರು ಥರ. ಸಮಾನ ಕೆಲಸಕ್ಕೆ ಸಮಾನ ವೇತನ ತಾತ್ಕಾಲಿಕ ನೌಕರರಿಗೂ ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟ್ 2016ರಲ್ಲೇ, ಪಂಜಾಬ್ ಸರ್ಕಾರ ಮತ್ತು ಜಗಜಿತ್ ಸಿಂಗ್ ನಡುವಿನ ಪ್ರಕರಣದಲ್ಲಿ, ಹೇಳಿದೆ. ಡಿಸೆಂಬರ್ ಅಧಿವೇಶನ ಬಂದಾಗ ಸುವರ್ಣ ವಿಧಾನಸೌಧದ ಆಸುಪಾಸಿನ ಟೆಂಟುಗಳಲ್ಲಿ ಗುತ್ತಿಗೆ ನೌಕರರು ಕೂತು ಕೇಳುವುದೂ ಇದನ್ನೇ. ಮನವಿ ಸ್ವೀಕರಿಸಲು ಮಂತ್ರಿಗಳು ಬರುತ್ತಾರೆ, ಫೋಟೋ ಆಗುತ್ತದೆ, ಅಧಿವೇಶನ ಮುಗಿಯುತ್ತದೆ.

ಖಾಸಗಿ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದಾಗ ಕೈಗೆ ಬರುವ ಬಿಲ್ ಒಮ್ಮೆ ಸರಿಯಾಗಿ ನೋಡಿ. ರೂಮ್ ಬಾಡಿಗೆ, ಡಾಕ್ಟರ್ ಫೀಸು, ಅದರ ಕೆಳಗೆ ಬಹಳ ಕಡೆ ನರ್ಸಿಂಗ್ ಚಾರ್ಜ್ ಅಂತ ದಿನಕ್ಕಿಷ್ಟು ಇರುತ್ತದೆ. ರೋಗಿ ಕೊಟ್ಟಾಗಿದೆ. ಅದಕ್ಕೆ ತಕ್ಕ ನರ್ಸ್ ರಾತ್ರಿ ಇದ್ದರಾ ಅನ್ನುವ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. ಔಷಧಿ ಬಿಲ್ಲಿನಲ್ಲಿ ಒಂದು ಸಿರಿಂಜ್ ಜಾಸ್ತಿ ಬರೆದರೆ ಮಾತ್ರ ಕೌಂಟರಿನಲ್ಲಿ ಜಗಳ ಮಾಡುತ್ತೇವೆ.

ಇಷ್ಟು ಅಗ್ಗಕ್ಕೆ ಯಾಕೆ ಸಿಗುತ್ತಾರೆ

ಮಾರುಕಟ್ಟೆಯ ಉತ್ತರ ಸುಲಭ: ಪಾಸಾಗಿ ಬರುವವರು ಜಾಸ್ತಿ, ಹುದ್ದೆ ಕಡಿಮೆ. ಆದರೆ ಹುದ್ದೆ ಯಾಕೆ ಕಡಿಮೆ? ವಾರ್ಡಿನ ಕೆಲಸ ಬೇರೆ ಕೈಗಳಿಂದ ನಡೆದುಹೋಗುತ್ತದೆ, ಅದಕ್ಕೆ.

ಮೊದಲನೆಯದು ವಿದ್ಯಾರ್ಥಿಗಳ ಕೈ. ಪ್ರಾಕ್ಟಿಕಲ್ ಅಂತ ವಾರ್ಡಿಗೆ ಬರುವ ನರ್ಸಿಂಗ್ ವಿದ್ಯಾರ್ಥಿಗಳು ಬಿಪಿ ನೋಡುತ್ತಾರೆ, ಹಾಸಿಗೆ ಸರಿ ಮಾಡುತ್ತಾರೆ, ಸ್ಯಾಂಪಲ್ ಒಯ್ಯುತ್ತಾರೆ. ಕಲಿಯಲು ಇದು ಬೇಕೇ ಬೇಕು. ಆದರೆ ಅವರಿಗೆ ಕಲಿಸುವವರು ಪಕ್ಕದಲ್ಲಿಲ್ಲದೆ ಅವರನ್ನೇ ನಂಬಿ ಡ್ಯೂಟಿ ಲಿಸ್ಟ್ ಹಾಕಿದರೆ ಅದು ಕಲಿಕೆಯಾಗಿ ಉಳಿಯುವುದಿಲ್ಲ. ಫೀಸು ಕೊಟ್ಟು ದುಡಿಯುವುದಾಗುತ್ತದೆ. ಆಸ್ಪತ್ರೆಯೂ ಕಾಲೇಜೂ ಒಂದೇ ಸಂಸ್ಥೆಯದ್ದಾಗಿದ್ದರೆ ಈ ಆಸೆ ಇನ್ನೂ ಜಾಸ್ತಿ.

ಎರಡನೆಯದು ತರಬೇತಿ ಇಲ್ಲದವರ ಕೈ. ತಾಲೂಕು ಊರುಗಳ ಸಣ್ಣ ದವಾಖಾನೆಗಳಲ್ಲಿ ಎಸ್ಸೆಸ್ಸೆಲ್ಸಿಯೋ ಪಿಯುಸಿಯೋ ಮುಗಿಸಿದ ಹುಡುಗಿಯರು ನೋಡಿ ನೋಡಿ ಕೆಲಸ ಕಲಿತಿರುತ್ತಾರೆ. ಅದೇ ಬಣ್ಣದ ಬಟ್ಟೆ, ಅದೇ 'ಸಿಸ್ಟರ್' ಅನ್ನುವ ಕರೆ. ರೋಗಿಗೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು? 1961ರ ಕಾಯ್ದೆಯ ಪ್ರಕಾರ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಇದ್ದವರೇ ನರ್ಸ್. ಆ ಹುಡುಗಿಯರನ್ನು ಬೈದು ಉಪಯೋಗವಿಲ್ಲ, ಅವರೂ ಹೊಟ್ಟೆಪಾಡಿಗೆ ಬಂದವರೇ. ಆದರೆ ನೋಂದಾಯಿತ ನರ್ಸಿನ ಪಗಾರವನ್ನು ಕೆಳಗೆ ಎಳೆದು ಹಿಡಿದಿರುವುದು ಈ ವ್ಯವಸ್ಥೆ.

ಮೂರನೆಯದು ಅನುಭವದ ಸರ್ಟಿಫಿಕೇಟು. ಗಲ್ಫ್ ದೇಶಗಳಿಗೆ ಹೋಗಬೇಕಾದರೆ ಸಾಮಾನ್ಯವಾಗಿ ಎರಡು ವರ್ಷದ ಅನುಭವ ಬೇಕು. ಹೀಗಾಗಿ ಹೊಸದಾಗಿ ಪಾಸಾದವರು ಎಷ್ಟು ಕೊಟ್ಟರೂ ಸೇರುತ್ತಾರೆ. ಎರಡು ವರ್ಷ ತಳ್ಳಿದರೆ ಆಯಿತು ಅನ್ನುವ ಲೆಕ್ಕ. ಆಸ್ಪತ್ರೆಗೂ ಅದು ಅನುಕೂಲ. ಹಳಬರು ಹೋದರೆ ಇನ್‌ಕ್ರಿಮೆಂಟ್ ಉಳಿಯಿತು, ಹೊಸಬರು ಮತ್ತೆ ಕೆಳಗಿನ ಪಗಾರಕ್ಕೆ ಸಿಗುತ್ತಾರೆ. ಮಧ್ಯದಲ್ಲೇ ಬಿಟ್ಟು ಹೋಗದಿರಲಿ ಅಂತ ಮೂಲ ಅಂಕಪಟ್ಟಿ ತೆಗೆದಿಟ್ಟುಕೊಳ್ಳುವವರೂ ಇದ್ದಾರೆ. ಸ್ಪಷ್ಟವಾಗಿ ಹೇಳಬೇಕೆಂದರೆ, ಯಾರದೇ ಮೂಲ ಪ್ರಮಾಣಪತ್ರವನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಯಾವ ಆಸ್ಪತ್ರೆಗೂ ಇಲ್ಲ.

ಈ ಅನುಕೂಲದ ಬೆಲೆ ಕಾಣುವುದು ಐಸಿಯುನಲ್ಲಿ. ವೆಂಟಿಲೇಟರಿನ ಅಲಾರಂ ಕೇಳಿ, ಮುಖ ನೋಡಿಯೇ ಏನೋ ಎಡವಟ್ಟಾಗುತ್ತಿದೆ ಅಂತ ಹೇಳಬಲ್ಲ ಸಿಸ್ಟರ್ ಏಳೆಂಟು ವರ್ಷದಲ್ಲಿ ತಯಾರಾಗುತ್ತಾರೆ. ಅಷ್ಟರೊಳಗೆ ಅವರು ಪುಣೆಯಲ್ಲೋ ಬೆಂಗಳೂರಲ್ಲೋ ಇರುತ್ತಾರೆ, ಇಲ್ಲವೇ ಜರ್ಮನ್ ಭಾಷೆಯ ಪರೀಕ್ಷೆ ಬರೆಯುತ್ತಿರುತ್ತಾರೆ. ಹೊಸಬರಿಗೆ ಹೊಸಬರೇ ಕಲಿಸುವ ಪರಿಸ್ಥಿತಿ. ಓದಿಗೆ ಬ್ಯಾಂಕ್ ಸಾಲ ಮಾಡಿದವರಿಗೆ ಹೋಗಬೇಡಿ ಅನ್ನಲು ನಮಗೆ ಯಾವ ಬಾಯಿ ಇದೆ?

ಉಳಿದ ಕಿರಿಕಿರಿಗಳು

ರಾತ್ರಿ 8ಕ್ಕೆ ಪಾಳಿ ಬಿಡುತ್ತದೆ. ಮುಂದಿನ ಪಾಳಿಯವರಿಗೆ ಹ್ಯಾಂಡ್‌ಓವರ್ ಮುಗಿಯುವ ಹೊತ್ತಿಗೆ ಎಂಟೂವರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯಿಂದ ಓಡಾಡುವ ನರ್ಸುಗಳಿಗೆ ಬಸ್ಸಿನ ದುಡ್ಡು ಉಳಿದಿದೆ. ಸಣ್ಣ ಪಗಾರದಲ್ಲಿ ಅದು ದೊಡ್ಡದೇ. ಆದರೆ ಟಿಕೆಟ್ ಉಚಿತವಾದ ಮಾತ್ರಕ್ಕೆ ಎಂಟೂವರೆಗೆ ಬಸ್ಸು ಬರುವುದಿಲ್ಲ. ಆಸ್ಪತ್ರೆ ಗಾಡಿ ಇಲ್ಲದ ಕಡೆ ಅಣ್ಣನೋ ಗಂಡನೋ ಬೈಕ್ ತಂದು ಗೇಟಿನ ಹೊರಗೆ ಕಾಯುತ್ತಾರೆ. ಯಾರೂ ಬರುವವರಿಲ್ಲದವರು ಕೆಲಸ ಬಿಡುತ್ತಾರೆ. ಮನೆಯವರೇ ಬಿಡಿಸಿದರು ಅಂತ ನಾವು ಅಂದುಕೊಳ್ಳುವ ಎಷ್ಟೋ ಪ್ರಕರಣಗಳ ಹಿಂದೆ ಸಾರಿಗೆ ಇದೆ.

ಹೆರಿಗೆ ರಜೆಯ ಕಾನೂನಿಗೆ 2017ರಲ್ಲಿ ತಿದ್ದುಪಡಿಯಾಗಿ 26 ವಾರವಾಯಿತು. 50 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯ. ನೂರಾರು ಹೆಣ್ಣುಮಕ್ಕಳು ದುಡಿಯುವ ಆಸ್ಪತ್ರೆಯಲ್ಲಿ ಕೂಸಿಗೆ ಒಂದು ಕೋಣೆ ಹುಡುಕಿ ನೋಡಿ.

ಇನ್ನು ಹೊಡೆದಾಟ. ರೋಗಿ ತೀರಿಕೊಂಡಾಗ ಮಂದಿಯ ಸಿಟ್ಟು ಮೊದಲು ಬೀಳುವುದು ಕಣ್ಣೆದುರು ನಿಂತವರ ಮೇಲೆ, ಅಂದರೆ ಸಿಸ್ಟರ್ ಅಥವಾ ಬ್ರದರ್ ಮೇಲೆ. ಡಾಕ್ಟರ್ ಇನ್ನೂ ಬರಬೇಕಾಗಿರುತ್ತದೆ. ರಾಜ್ಯದಲ್ಲಿ 2009ರಿಂದ ಇದಕ್ಕೆಂದೇ ಕಾಯ್ದೆ ಇದೆ, ಜೈಲು ಶಿಕ್ಷೆಯೂ ಇದೆ. ನರ್ಸುಗಳೂ ಅದರಲ್ಲಿ ಬರುತ್ತಾರೆ. ದೂರು ಕೊಡಲು ಆಸ್ಪತ್ರೆಯವರೇ ಮುಂದೆ ಬರಬೇಕು, ಹೆಸರು ಕೆಡುತ್ತದೆ ಅಂತ ಸುಮ್ನೆ ಇರುವುದೇ ಜಾಸ್ತಿ.

ಇಷ್ಟಾದರೂ ಇವರು ಕೆಲಸ ಇಷ್ಟ ಅಂತಾರಲ್ಲ, ಹೇಗೆ? ಫ್ರೆಡರಿಕ್ ಹರ್ಜ್‌ಬರ್ಗ್ ಅನ್ನುವ ಮನಶ್ಶಾಸ್ತ್ರಜ್ಞ 1959ರಲ್ಲಿ ಹೇಳಿದ್ದು ಇಲ್ಲಿ ಸರಿ ಹೊಂದುತ್ತದೆ. ಕೆಲಸದ ತೃಪ್ತಿಗೆ ಕಾರಣ ಬೇರೆ, ಅತೃಪ್ತಿಗೆ ಕಾರಣ ಬೇರೆ. ಪಗಾರ, ಮೇಲಿನವರ ವರ್ತನೆ, ಕೆಲಸದ ಸ್ಥಿತಿ ಕೆಟ್ಟರೆ ಅತೃಪ್ತಿ. ಅವು ಸರಿ ಇದ್ದರೂ ಖುಷಿ ತಾನಾಗಿ ಬರುವುದಿಲ್ಲ. ಖುಷಿ ಬರುವುದು ಕೆಲಸದೊಳಗಿಂದಲೇ. ಬದುಕುವುದಿಲ್ಲ ಅಂದವರು ನಡೆದುಕೊಂಡು ಹೋಗಿ ಮುಂದಿನ ತಿಂಗಳು ಕುಂದಾ ಡಬ್ಬಿ ಹಿಡಿದು 'ನಮ್ಮ ಸಿಸ್ಟರ್ ಎಲ್ಲದಾರ' ಅಂತ ಹುಡುಕಿಕೊಂಡು ಬರುತ್ತಾರಲ್ಲ, ಅದು. ನರ್ಸಿಂಗ್‌ನಲ್ಲಿ ಈ ಖುಷಿಗೆ ಬರವಿಲ್ಲ. ಬೇರೆ ಎಷ್ಟೋ ಕೆಲಸಗಳಲ್ಲಿ ಅದೇ ಇರುವುದಿಲ್ಲ. ಆದರೆ ಒಬ್ಬರೇ ಮೂವತ್ತು ರೋಗಿ ನೋಡುವಾಗ ಈ ಖುಷಿಗೂ ಜಾಗ ಸಿಗುವುದಿಲ್ಲ, ಯಾಕೆಂದರೆ ಯಾರ ಹತ್ತಿರವೂ ನಿಲ್ಲಲು ಪುರಸೊತ್ತಿಲ್ಲ. ಅದಕ್ಕೇ ಮೇ 12ರ ನರ್ಸ್ ದಿನದ ಕೇಕು, ಒತ್ತಡ ಕಡಿಮೆ ಮಾಡಿಕೊಳ್ಳುವ ಬಗ್ಗೆ ಶಿಬಿರ ಇವೆಲ್ಲ ನನಗೆ ಸ್ವಲ್ಪ ಕಿರಿಕಿರಿ. ಆ ಶಿಬಿರಕ್ಕೂ ನೈಟ್ ಡ್ಯೂಟಿ ಮುಗಿಸಿದವರನ್ನೇ ಕೂರಿಸುತ್ತಾರೆ.

ಎಲ್ಲಿಂದ ಶುರು ಮಾಡಬಹುದು

ಹೆಚ್ಚುವರಿ ನರ್ಸುಗಳಿಂದ. ನಮ್ಮ 30 ಹಾಸಿಗೆಯ ವಾರ್ಡಿಗೇ ಬರೋಣ. ಮೂವರು ನರ್ಸುಗಳನ್ನು ತಲಾ 20,000ದಂತೆ ಸೇರಿಸಿಕೊಂಡರೆ ತಿಂಗಳಿಗೆ 60,000 ರೂಪಾಯಿ. 30 ಹಾಸಿಗೆ, 30 ದಿನ ಅಂದರೆ ತಿಂಗಳಲ್ಲಿ ಆ ವಾರ್ಡಿನ ಹಾಸಿಗೆ ದಿನಗಳು 900. ಒಂದು ಹಾಸಿಗೆಗೆ ದಿನಕ್ಕೆ 67 ರೂಪಾಯಿ ಬೀಳುತ್ತದೆ. ಎಲ್ಲ ಹಾಸಿಗೆ ತುಂಬದೆ ಶೇ. 80 ತುಂಬಿದರೂ 83 ರೂಪಾಯಿ. ಆಸ್ಪತ್ರೆ ಕ್ಯಾಂಟೀನಿನಲ್ಲಿ ಇಬ್ಬರು ನಾಷ್ಟಾ ಮಾಡಿದಷ್ಟು. ಮೂವರಿಂದ ಮಾನದಂಡ ಮುಟ್ಟುವುದಿಲ್ಲ ಅನ್ನುವುದು ಗೊತ್ತಿದೆ. ಆರು ಇದ್ದದ್ದು ಒಂಬತ್ತಾದರೆ ವಾರಕ್ಕೆ 54 ಡ್ಯೂಟಿ ಸಿಗುತ್ತದೆ. ಬೆಳಿಗ್ಗೆ ಮೂವರು, ಮಧ್ಯಾಹ್ನ ಇಬ್ಬರು, ರಾತ್ರಿ ಇಬ್ಬರು ಅಂದರೆ 49. ಉಳಿದ ಐದು ಡ್ಯೂಟಿಯಲ್ಲಿ ನೈಟ್ ಆಫ್ ಪೂರ್ತಿ ಕೊಡಲು ಬರುವುದಿಲ್ಲ, ಅದು ಇಕ್ಕಟ್ಟೇ. ಆದರೆ ರಾತ್ರಿ ಒಬ್ಬರೇ ಅನ್ನುವುದು ತಪ್ಪಿತು.

ಇದನ್ನು ಮಾಡಿಸುವ ಅಧಿಕಾರ ಯಾರ ಹತ್ತಿರ ಇದೆ? ಖಾಸಗಿ ಆಸ್ಪತ್ರೆಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿ ಮಾಡಿಸಬೇಕು, ಆಮೇಲೆ ನವೀಕರಿಸಬೇಕು. ಜಿಲ್ಲಾ ಮಟ್ಟದ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಮುಖ್ಯಸ್ಥರು. ನವೀಕರಣಕ್ಕೆ ಬಂದಾಗ ಕಟ್ಟಡದ ಕಾಗದದ ಜೊತೆಗೆ ಹಿಂದಿನ ಮೂರು ತಿಂಗಳ ನೈಟ್ ಡ್ಯೂಟಿ ಲಿಸ್ಟ್, ಅದರಲ್ಲಿರುವವರ ಕೌನ್ಸಿಲ್ ನೋಂದಣಿ ಸಂಖ್ಯೆ, ಬ್ಯಾಂಕ್ ಮೂಲಕ ಪಗಾರ ಹಾಕಿದ ದಾಖಲೆ ಕೇಳಬಹುದು. ಮೂರನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಸಾಕು, ಯಾರು ನರ್ಸ್, ಎಷ್ಟು ಜನ, ಎಷ್ಟು ಪಗಾರ ಎಲ್ಲ ಹೊರಗೆ ಬರುತ್ತದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರ ಕೊಡಲೇಬೇಕು ಅಂತ ಹೇಳುವುದರಿಂದ ಕೇಳಲು ಇನ್ನೊಂದು ಕಾಗದವೂ ಸಿಕ್ಕಿದೆ. ಸರ್ಕಾರಿ ಆಸ್ಪತ್ರೆಗಳ ಮಟ್ಟಿಗೆ ವಿಷಯ ಇನ್ನೂ ನೇರ. ಖಾಲಿ ಹುದ್ದೆ ತುಂಬುವವರೆಗೆ ರಜೆಯ ಹೆಚ್ಚುವರಿಯನ್ನಾದರೂ ಬೇರೆ ಹುದ್ದೆಯಾಗಿ ಮಂಜೂರು ಮಾಡಬೇಕು, ಅದನ್ನು ಇನ್ನೊಂದು ಕಡೆಯ ಖಾಲಿ ಜಾಗ ಮುಚ್ಚಲು ಬಳಸಬಾರದು.

ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಮಾಡಿದೆ. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ ಅದು ಬರುತ್ತದೆ. ಅದರ ಗಮನ ಹೆಚ್ಚಾಗಿ ಶಿಕ್ಷಣ, ನೋಂದಣಿ, ಗುಣಮಟ್ಟದ ಕಡೆ. ಬೇಕಾದದ್ದೇ. ಆದರೆ ವಾರ್ಡಿನಲ್ಲಿ ಎಷ್ಟು ಜನ ನಿಲ್ಲಬೇಕು ಅನ್ನುವುದನ್ನು ರಾಜ್ಯ ಸರ್ಕಾರ ತಾನೇ ನಿಯಮ ಮಾಡಿ ಹೇಳಬೇಕಾಗುತ್ತದೆ. ಅದಕ್ಕೆ ಹೊಸ ಕಾಲೇಜು ಕಟ್ಟಬೇಕಾಗಿಲ್ಲ, ಹೊಸ ಕೋರ್ಸ್ ಬೇಕಾಗಿಲ್ಲ. ಪಾಸಾದವರು ಊರಲ್ಲೇ ಇದ್ದಾರೆ, ಅರ್ಜಿ ಹಿಡಿದುಕೊಂಡು ಓಡಾಡುತ್ತಿದ್ದಾರೆ.